ಸೌವಿನ್ ಹಬ್ಬಕ್ಕೆ ತಂದ ಉಂಗುರದ ಬ್ರ್ಯಾಕ್: 6 ಯೂರೋಗೆ ಮನೆ ತುಂಬಿತು

ಐರ್ಲೆಂಡ್‌ಗೆ ಬಂದ ಮೇಲೆ ಇದು ನಮಗೆ ನಾಲ್ಕನೇ ಸೌವಿನ್. ಅಕ್ಟೋಬರ್ 31ರಂದು ಕತ್ತಲಾದ ಮೇಲೆ ಶುರುವಾಗುವ ಹಬ್ಬ ಇದು, ಬೇಸಿಗೆ ಮುಗಿದು ಚಳಿಗಾಲ ಕಾಲಿಡುವ ಹೊತ್ತು. ಐರಿಷ್ ಭಾಷೆಯಲ್ಲಿ ನವೆಂಬರ್ ತಿಂಗಳಿಗೂ ಇದೇ ಹೆಸರು. ಫೋನಲ್ಲಿ ಹೆಸರು ಕೇಳಿದ ಅಮ್ಮ "ಏನು, ಸಾವಿನ ಹಬ್ಬಾನಾ?" ಅಂದರು. ಅವರು ಕೇಳಿಸಿಕೊಂಡಿದ್ದು ಅರ್ಥದಲ್ಲಿ ಅಷ್ಟೇನೂ ದೂರ ಇಲ್ಲ. ಆ ರಾತ್ರಿ ಸತ್ತವರು ಮನೆಗೆ ಬಂದು ಹೋಗುತ್ತಾರೆ ಅಂತ ಇಲ್ಲಿನ ಹಳಬರು ನಂಬಿದ್ದರು, ಬಾಗಿಲಿಗೆ ಅಗುಳಿ ಹಾಕದೆ, ಒಲೆಯಲ್ಲಿ ಕೆಂಡ ಉಳಿಸಿ, ಅವರ ಪಾಲಿನ ಊಟ ಮೇಜಿನ ಮೇಲಿಟ್ಟು ಮಲಗುತ್ತಿದ್ದರು. "ಹಿರಿಯರಿಗೆ ಎಡೆ ಇಟ್ಟ ಹಾಗೇ ಅಲ್ವಾ" ಅಂದರು ಅಮ್ಮ. ನನಗೆ ಈ ಹಬ್ಬ ನಿಜವಾಗಿ ಅರ್ಥವಾಗಿದ್ದು ಆಗಲೇ.

ಹೋದ ವರ್ಷ ಆನ್‌ಲೈನ್‌ನಲ್ಲಿ 35 ಯೂರೋ ಕೊಟ್ಟು ಒಂದು ಸೌವಿನ್ ಬಾಕ್ಸ್ ತರಿಸಿದ್ದೆ. ಬಂದಿದ್ದು ನವೆಂಬರ್ 2ಕ್ಕೆ. ಒಳಗೆ ಪ್ಲಾಸ್ಟಿಕ್ ತಲೆಬುರುಡೆ, ಮೂಗಿಗೆ ಹೊಡೆಯುವ ವಾಸನೆಯ ಮೇಣದಬತ್ತಿ, ನಾಲ್ಕು ಕಾರ್ಡು. ಮಕ್ಕಳು ಐದು ನಿಮಿಷ ನೋಡಿ ಎದ್ದು ಹೋದರು. ಯಾರಾದರೂ ಅಂಥದ್ದು ಆರ್ಡರ್ ಮಾಡೋ ಯೋಚನೆಯಲ್ಲಿದ್ದರೆ ದಯವಿಟ್ಟು ಬೇಡ.

ಈ ಸಲ ನಮ್ಮ ಬೀದಿಯ ಬೇಕರಿಯಿಂದ ಬಾರ್ಮ್‌ಬ್ರ್ಯಾಕ್ ತಂದೆವು, ಅಂದರೆ ಈ ಹಬ್ಬಕ್ಕೆ ಮಾಡುವ ಒಣದ್ರಾಕ್ಷಿಯ ಸಿಹಿ ಬ್ರೆಡ್ಡು. ಬೆಲೆ 6 ಯೂರೋ. ಐರಿಷ್‌ನಲ್ಲಿ 'ಬ್ರ್ಯಾಕ್' ಅಂದರೆ ಚುಕ್ಕೆ ಚುಕ್ಕೆ ಇರೋದು ಅಂತ ಅರ್ಥ, ಚುಕ್ಕೆ ಅಂದರೆ ಒಣದ್ರಾಕ್ಷಿ. ಆ ದ್ರಾಕ್ಷಿಯನ್ನು ರಾತ್ರಿಯಿಡೀ ತಣ್ಣನೆ ಟೀಯಲ್ಲಿ ನೆನೆಸಿರುತ್ತಾರೆ. ಚಾಕು ಹಾಕಿದಾಗ ಅದು ಉದುರಲಿಲ್ಲ, ಉಬ್ಬಿ ಹೊಳೆಯುತ್ತಾ ಬ್ರೆಡ್ಡಿಗೇ ಅಂಟಿಕೊಂಡಿತ್ತು. ಮೇಲಿನ ಸಿಪ್ಪೆ ಕಂದು, ಬೆರಳಿಗೆ ಸ್ವಲ್ಪ ಜಿಗುಟು. ಸಿಹಿ ಕೇಕಿನಷ್ಟಿಲ್ಲ, ಅದು ನನಗೆ ತುಂಬಾ ಇಷ್ಟವಾಯಿತು. ಮೊದಲ ದಿನ ಹಾಗೇ ತಿನ್ನಿ, ಎರಡನೇ ದಿನ ದಪ್ಪಗೆ ಕತ್ತರಿಸಿ ಟೋಸ್ಟ್ ಮಾಡಿ ಉಪ್ಪು ಬೆಣ್ಣೆ ಹಚ್ಚಿ. ಎರಡನೇ ದಿನದ್ದೇ ಜಾಸ್ತಿ ಚೆನ್ನಾಗಿರುತ್ತೆ. ಮೊಟ್ಟೆ ತಿನ್ನದವರು ಮಾತ್ರ ಮೊದಲೇ ಕೇಳಿಕೊಳ್ಳಿ, ಸಾಮಾನ್ಯವಾಗಿ ಹಾಕಿರುತ್ತಾರೆ.

ಆದರೆ ಇದರ ಜೀವ ಇರೋದು ಒಳಗಿನ ಉಂಗುರದಲ್ಲಿ. ಯಾರ ತುಂಡಿನಲ್ಲಿ ಸಿಗುತ್ತೋ ಅವರಿಗೆ ವರ್ಷದೊಳಗೆ ಮದುವೆ. ಹಿಂದೆ ಇನ್ನೂ ಏನೇನೋ ಹಾಕುತ್ತಿದ್ದರು: ನಾಣ್ಯ ಸಿಕ್ಕರೆ ದುಡ್ಡು, ಬಟ್ಟೆ ಚೂರು ಸಿಕ್ಕರೆ ಬಡತನ, ಬಟಾಣಿ ಸಿಕ್ಕರೆ ಆ ವರ್ಷ ಮದುವೆ ಇಲ್ಲ. ಈಗ ಅಂಗಡಿಯದ್ದರಲ್ಲಿ ಉಂಗುರ ಒಂದೇ. ನಮ್ಮ ಮನೆಯಲ್ಲಿ ಆರು ವರ್ಷದ ಮಗಳು ಒಂದೊಂದು ಚೂರನ್ನೂ ಬೆಳಕಿಗೆ ಹಿಡಿದು ನೋಡಿ ತಿಂದಳು, ಕೊನೆಗೆ ಉಂಗುರ ಸಿಕ್ಕಿದ್ದು ನಮ್ಮತ್ತೆಗೆ. ಅವರು ಅದನ್ನು ಕಿರುಬೆರಳಿಗೆ ಹಾಕಿಕೊಂಡೇ ಪಾತ್ರೆ ತೊಳೆದರು, ರಾತ್ರಿ ಮಲಗುವಾಗಲೂ ತೆಗೆಯಲಿಲ್ಲ. ಒಂದು ತಕರಾರಿದೆ. ಉಂಗುರವನ್ನು ಕಾಗದದಲ್ಲಿ ಸುತ್ತಿರಲಿಲ್ಲ, ಪೊಟ್ಟಣದ ಮೇಲೆ ಎಚ್ಚರಿಕೆಯೂ ಇರಲಿಲ್ಲ. ಚಿಕ್ಕ ಮಕ್ಕಳಿದ್ದರೆ ಅವರ ತುಂಡನ್ನು ನೀವೇ ಮುರಿದು ಕೊಡಿ. ಇದಕ್ಕೇ ಅರ್ಧ ಅಂಕ ಕಳೆದು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಬ್ರ್ಯಾಕ್ ಜೊತೆಗೆ ಒಂದು ಟರ್ನಿಪ್ ತಗೊಳ್ಳಿ. ಇಲ್ಲಿ ಟರ್ನಿಪ್ ಅಂದರೆ ಹೊರಗೆ ನೇರಳೆ, ಒಳಗೆ ಹಳದಿ ಇರುವ ದೊಡ್ಡ ಗೆಡ್ಡೆ. ಹ್ಯಾಲೋವೀನ್‌ಗೆ ಮುಖ ಕೊರೆದು ಇಡುವ ಕುಂಬಳಕಾಯಿ ದೀಪ ಅಮೆರಿಕದಿಂದ ಬಂದಿದ್ದು, ಇಲ್ಲಿ ಮೊದಲು ಕೊರೆಯುತ್ತಿದ್ದದ್ದು ಇದನ್ನೇ. ಕ್ಯಾಸಲ್‌ಬಾರ್ ಹತ್ತಿರದ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಡೊನೆಗಾಲ್ ಕಡೆಯ ಹಳೇ ಟರ್ನಿಪ್ ದೀಪದ ಪ್ಲಾಸ್ಟರ್ ಪ್ರತಿರೂಪ ಇದೆ, ಆ ಮುಖ ನೋಡಿದರೆ ಯಾವ ಕುಂಬಳಕಾಯಿಗೂ ನೀವು ಹೆದರಲ್ಲ. ಕೊರೆಯೋದು ಸುಲಭ ಅಲ್ಲ, ಕಲ್ಲಿನಷ್ಟು ಗಟ್ಟಿ. ಮೇಲ್ಭಾಗ ಕತ್ತರಿಸಿ, ಗಟ್ಟಿ ಸ್ಟೀಲ್ ಚಮಚದಲ್ಲಿ ಕೆರೆಯುತ್ತಾ ಹೋಗಿ, ನಮಗೆ ಮುಕ್ಕಾಲು ಗಂಟೆ ಹಿಡಿಯಿತು, ಕೊನೆಗೆ ಅಂಗೈ ಕೆಂಪಾಗಿತ್ತು. ದೀಪ ಹಚ್ಚಿದ ಮೇಲೆ ಮುಚ್ಚಳ ಬಿಸಿಯಾಗಿ ಸುಟ್ಟ ಮೂಲಂಗಿ ಥರ ವಾಸನೆ ಬರುತ್ತೆ. ಕೆರೆದ ತಿರುಳನ್ನು ಬಿಸಾಕಬೇಡಿ, ಸಾಸಿವೆ ಒಗ್ಗರಣೆ ಹಾಕಿ ಕಾಯಿತುರಿ ಉದುರಿಸಿದರೆ ಒಳ್ಳೇ ಪಲ್ಯ.

ಊಟಕ್ಕೆ ಕೋಲ್‌ಕ್ಯಾನನ್ ಸಾಕು, ಆಲೂಗಡ್ಡೆ ಕಿವುಚಿ ಬೇಯಿಸಿದ ಎಲೆಕೋಸು, ಬೆಣ್ಣೆ ಕಲಸೋದು ಅಷ್ಟೇ. ಪಟಾಕಿ ಆಸೆ ಬಿಟ್ಟುಬಿಡಿ, ಇಲ್ಲಿ ಮನೆಯಲ್ಲಿ ಹೊಡೆಯೋದು ಕಾನೂನಿಗೆ ವಿರುದ್ಧ, ಸುರುಸುರುಬತ್ತಿಗೆ ಅಡ್ಡಿ ಇಲ್ಲ.

ರಾತ್ರಿ ಒಂದು ತುಂಡು ಬ್ರ್ಯಾಕ್ ಮತ್ತು ಒಂದು ಲೋಟ ನೀರನ್ನು ಕಿಟಕಿ ಹತ್ತಿರ ಮಾವನವರ ಫೋಟೋ ಮುಂದೆ ಇಟ್ಟೆವು. ಅವರು ತೀರಿಕೊಂಡು ಎರಡು ವರ್ಷ ಆಯಿತು. ಮಗಳು ಟರ್ನಿಪ್ ದೀಪವನ್ನು ಎತ್ತಿ ತಂದು ಅದರ ಪಕ್ಕ ಇಟ್ಟಳು, "ತಾತಂಗೆ ದಾರಿ ಕಾಣ್ಬೇಕಲ್ವಾ" ಅಂತ. ಅತ್ತೆ ಏನೂ ಮಾತಾಡಲಿಲ್ಲ, ಇನ್ನೊಂದು ತುಂಡು ಕತ್ತರಿಸಿ ತಟ್ಟೆಗೆ ಸೇರಿಸಿದರು. ಮುಂದಿನ ವರ್ಷ ಎರಡು ಬ್ರ್ಯಾಕ್ ತರಬೇಕು.