ವಾರಕ್ಕೊಮ್ಮೆಯ ಹಳದಿ ಮಾತ್ರೆ: ಔಷಧಿಗೆ ಐದು ಸ್ಟಾರ್, ಸ್ಟ್ರಿಪ್ಪಿಗೆ ಒಂದು

ಕೀಲುವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಬಗ್ಗೆ ಕನ್ನಡದಲ್ಲಿ ಬಳಸಿದವರು ಬರೆದದ್ದು ನನಗೆಲ್ಲೂ ಸಿಗಲಿಲ್ಲ. ಅದಕ್ಕೇ ನಾನೇ ಬರೆಯುತ್ತಿದ್ದೇನೆ. ಡಾಕ್ಟರು ಚೀಟಿ ಬರೆದುಕೊಟ್ಟಿದ್ದಾರೆ, ಮನೆಗೆ ಬಂದು ಮೊಬೈಲಲ್ಲಿ ಹುಡುಕಿದರೆ ‘ಕ್ಯಾನ್ಸರ್ ಔಷಧಿ’ ಅಂತ ಬಂದಿದೆ, ಮಾತ್ರೆ ನುಂಗಲು ಧೈರ್ಯ ಬರುತ್ತಿಲ್ಲ. ಹೀಗೆ ಕೂತವರು ದಯವಿಟ್ಟು ಪೂರ್ತಿ ಓದಿ.

ನಾನು ದಾವಣಗೆರೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಕೈಯೇ ನನ್ನ ಅನ್ನ. ರುಮಟಾಯ್ಡ್ ಅನ್ನುವ ಕೀಲುವಾತ ಶುರುವಾದಾಗ ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಬಿಸಿನೀರಲ್ಲಿ ಕೈ ಇಟ್ಟುಕೊಂಡು ಕೂತರೂ ಗಂಟೆಗಟ್ಟಲೆ ಬಿಗಿತ. ಕತ್ತರಿಯ ಹಿಡಿಯೊಳಗೆ ಹೆಬ್ಬೆರಳು ತೂರದಷ್ಟು ಊದಿಕೊಂಡಿತ್ತು. ಹುಕ್ಕು, ಕಾಜಾ ಕೆಲಸವನ್ನೆಲ್ಲ ಬೇರೆಯವರಿಗೆ ಕೊಟ್ಟುಬಿಟ್ಟಿದ್ದೆ. ವಾಯು ಅಂದರು, ಕ್ಯಾಲ್ಸಿಯಂ ಕಮ್ಮಿ ಅಂದರು. ಕೊನೆಗೆ ಬೆಂಗಳೂರಿನಲ್ಲಿ ರುಮಟಾಲಜಿ ಡಾಕ್ಟರಿಗೆ ತೋರಿಸಿದಾಗ ಆಂಟಿ-ಸಿಸಿಪಿ ರಕ್ತಪರೀಕ್ಷೆ ಮಾಡಿಸಿ, ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪದರದ ಮೇಲೆ ತಿರುಗಿಬಿದ್ದಿದೆ ಅಂತ ಬಿಡಿಸಿ ಹೇಳಿದರು. ಚೀಟಿಯಲ್ಲಿ ಮೊದಲ ಹೆಸರೇ ಮೆಥೋಟ್ರೆಕ್ಸೇಟ್.

ಕ್ಯಾನ್ಸರ್ ಔಷಧಿ ಅನ್ನುವುದು ಸುಳ್ಳಲ್ಲ. ಬಿ.ಫಾರ್ಮಾ ಓದುತ್ತಿರುವ ಮಗಳು ಇದರ ಚರಿತ್ರೆ ಹೇಳಿದ ಮೇಲೇ ನನಗೆ ಸಮಾಧಾನ ಆಗಿದ್ದು. ಇದಕ್ಕಿಂತ ಮುಂಚೆ ಅಮಿನಾಪ್ಟೆರಿನ್ ಅಂತ ಇದರ ಅಕ್ಕನಂಥ ಔಷಧಿ ಇತ್ತು. ಅದನ್ನು ತಯಾರಿಸಿದ್ದು ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಆಂಧ್ರದ ಭೀಮಾವರದಲ್ಲಿ ಹುಟ್ಟಿದವರು ಅವರು. ಸಿಡ್ನಿ ಫಾರ್ಬರ್ ಅನ್ನುವ ಡಾಕ್ಟರ್ ಅದನ್ನು ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟು ನೋಡಿ, 1948ರಲ್ಲಿ ಫಲಿತಾಂಶ ಪ್ರಕಟಿಸಿದರು. 1951ರಲ್ಲಿ ಗುಬ್ನರ್ ಅನ್ನುವ ಡಾಕ್ಟರ್ ಅದೇ ಔಷಧಿಯಿಂದ ಕೀಲುವಾತದ ರೋಗಿಗಳಿಗೂ ಗುಣ ಕಂಡಿದೆ ಅಂತ ಬರೆದರು. ಆದರೆ ಅದು ಹಾಗೇ ಮೂಲೆಗೆ ಬಿತ್ತು. ಮೆಥೋಟ್ರೆಕ್ಸೇಟ್ ಸಣ್ಣ ಪ್ರಮಾಣದಲ್ಲಿ ಕೆಲಸ ಮಾಡುತ್ತದೆ ಅಂತ ಸರಿಯಾದ ಪರೀಕ್ಷೆಯಲ್ಲಿ ತೋರಿಸಿದ್ದು 1985ರಲ್ಲಿ. ಅಮೆರಿಕ ಸರ್ಕಾರ ಕೀಲುವಾತಕ್ಕೆ ಒಪ್ಪಿಗೆ ಕೊಟ್ಟಿದ್ದು 1988ರಲ್ಲಿ. ನಡುವಿನ ಅಷ್ಟು ವರ್ಷ ಎಷ್ಟು ಹೆಂಗಸರ ಕೈ ಸೊಟ್ಟಗಾದವೋ ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ.

ಕ್ಯಾನ್ಸರಿಗೆ ಇದನ್ನು ಒಮ್ಮೊಮ್ಮೆ ಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ನಮಗೆ ಕೊಡುವುದು ಸಾಮಾನ್ಯವಾಗಿ ವಾರಕ್ಕೆ ಏಳೂವರೆಯಿಂದ 25 ಮಿಲಿಗ್ರಾಂ. ಅಷ್ಟೇ.

ಇದು ನೋವಿನ ಮಾತ್ರೆ ಅಲ್ಲ. ಇವತ್ತು ನುಂಗಿದರೆ ನಾಳೆ ಏನೂ ಗೊತ್ತಾಗುವುದಿಲ್ಲ. ಆರು ವಾರದಿಂದ ಮೂರು ತಿಂಗಳವರೆಗೆ ಕಾಯಬೇಕು. ಅಲ್ಲಿಯವರೆಗೆ ಡಾಕ್ಟರು ಬೇರೆ ಮಾತ್ರೆ ಸೇರಿಸಿ ತಡೆದುಕೊಳ್ಳುವ ಹಾಗೆ ಮಾಡುತ್ತಾರೆ. ‘ಸುಮ್ನೆ ದುಡ್ಡು ದಂಡ’ ಅಂತ ನಡುವೆ ಬಿಡುವವರೇ ಜಾಸ್ತಿ. ಬಿಡಬೇಡಿ. ನನಗೆ ಮೊದಲು ಬಿಟ್ಟಿದ್ದು ಮಣಿಕಟ್ಟಿನ ಊತ. ಆಮೇಲೆ ಒಂದು ದಿನ ಕತ್ತರಿಯಲ್ಲಿ ಬೆರಳು ಸಲೀಸಾಗಿ ಹೋಯಿತು. ಈಗ ಕಾಜಾ ನಾನೇ ಹಾಕುತ್ತೇನೆ.

ಇನ್ನು ಸ್ಟ್ರಿಪ್ಪಿನ ವಿಷಯ. ಇದನ್ನು ಹೇಳಲಿಕ್ಕೇ ನಾನು ಬರೆಯಲು ಕೂತಿದ್ದು.

ಮೆಥೋಟ್ರೆಕ್ಸೇಟ್ ವಾರದಲ್ಲಿ ಒಂದೇ ದಿನ. ಅದರ ಜೊತೆ ಬಾಯಿಹುಣ್ಣು, ಹೊಟ್ಟೆ ತೊಳೆಸುವುದು ಕಮ್ಮಿಯಾಗಲಿ ಅಂತ ಫೋಲಿಕ್ ಆಸಿಡ್ ಮಾತ್ರೆ ಬೇರೆ ದಿನ. ನನಗೆ ಸಿಕ್ಕಿದ ಎರಡೂ ಮಾತ್ರೆ ಹಳದಿ. ಎರಡೂ ಪುಟ್ಟವು, ದುಂಡಗಿನವು. ಅಂಗೈ ಮೇಲೆ ಇಟ್ಟುಕೊಂಡರೆ ಯಾವುದು ಯಾವುದು ಅಂತ ನನ್ನ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಕಾರಣ ಇದೆ. ಎರಡೂ ರಾಸಾಯನಿಕಗಳ ಬಣ್ಣವೇ ಹಳದಿ, ರಚನೆಯೂ ಹೆಚ್ಚುಕಮ್ಮಿ ಒಂದೇ. ಮೆಥೋಟ್ರೆಕ್ಸೇಟ್ ಕ್ಯಾನ್ಸರ್ ಕಣವನ್ನು ತಡೆಯುವುದೇ ಫೋಲಿಕ್ ಆಸಿಡ್ ವೇಷ ಹಾಕಿ, ಅದರ ಜಾಗದಲ್ಲಿ ಕೂತು. ಕಣಕ್ಕೇ ಮೋಸವಾಗುವಾಗ ನಮ್ಮಂಥವರ ಕಣ್ಣಿಗೆ ಆಗದೇ ಇರುತ್ತದೆಯೇ?

ಒಮ್ಮೆ ಮೆಡಿಕಲ್ ಶಾಪಿನ ಹುಡುಗ ಮೆಥೋಟ್ರೆಕ್ಸೇಟ್ ಕವರಿನ ಮೇಲೆ ‘1-0-0’ ಅಂತ ಬರೆದುಕೊಟ್ಟ. ಅಂದರೆ ದಿನಾ ಬೆಳಿಗ್ಗೆ ಒಂದು. ಚೀಟಿಯಲ್ಲಿ ವಾರಕ್ಕೊಂದು ಅಂತ ಸ್ಪಷ್ಟವಾಗಿಯೇ ಇತ್ತು. ಮಗಳು ನೋಡಿದಳು, ವಾಪಸ್ ಹೋಗಿ ತಿದ್ದಿಸಿದಳು. ನೋಡದೇ ಇದ್ದಿದ್ದರೆ? ದಿನಾ ತಗೊಂಡರೆ ಬಾಯೆಲ್ಲ ಹುಣ್ಣಾಗುತ್ತದೆ, ಬಿಳಿ ರಕ್ತಕಣ ಕುಸಿಯುತ್ತದೆ, ಜೀವಕ್ಕೇ ಕುತ್ತು. ಹೀಗೆ ಸತ್ತವರಿದ್ದಾರೆ. ಅದಕ್ಕೇ 2019ರಲ್ಲಿ ಯುರೋಪಿನ ಔಷಧಿ ನಿಯಂತ್ರಣ ಸಂಸ್ಥೆ, ವಾರಕ್ಕೊಮ್ಮೆ ಅನ್ನುವ ಎಚ್ಚರಿಕೆ ಪ್ಯಾಕಿನ ಮೇಲೆ ಎದ್ದು ಕಾಣಬೇಕು, ಬಾಟಲಿ ಬಿಟ್ಟು ಸ್ಟ್ರಿಪ್ಪಿನಲ್ಲೇ ಕೊಡಬೇಕು, ರೋಗಿಯ ಕೈಗೆ ಒಂದು ಕಾರ್ಡ್ ಕೊಡಬೇಕು ಅಂತ ಹೇಳಿತು. ನನ್ನ ಕೈಗೆ ಬಂದ ಸ್ಟ್ರಿಪ್ಪಿನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರ ಬಿಟ್ಟರೆ ಏನಿಲ್ಲ. ಕನ್ನಡವಂತೂ ಇಲ್ಲವೇ ಇಲ್ಲ. ಸಾಲದ್ದಕ್ಕೆ ಅಲ್ಯೂಮಿನಿಯಂ ಎಷ್ಟು ಗಟ್ಟಿ ಅಂದರೆ, ಊದಿದ ಹೆಬ್ಬೆರಳಲ್ಲಿ ಒತ್ತಿದರೆ ಕಣ್ಣಲ್ಲಿ ನೀರು. ಕೀಲುನೋವಿನವರಿಗೆ ಮಾಡಿದ ಮಾತ್ರೆಯನ್ನು ಕೀಲುನೋವಿನವರ ಕೈಗೆ ಕೊಟ್ಟು ಒಮ್ಮೆಯಾದರೂ ನೋಡಬೇಕಲ್ವಾ?

ಮಾತ್ರೆ ಇದ್ದಾಗ ನಾನು ಶನಿವಾರ ರಾತ್ರಿ ಊಟ ಆದ ಮೇಲೆ ತಗೊಳ್ಳುತ್ತಿದ್ದೆ. ಭಾನುವಾರ ಸ್ವಲ್ಪ ಸುಸ್ತು, ವಾಕರಿಕೆ. ಅಂಗಡಿಗೂ ರಜೆ, ಹಾಗಾಗಿ ನಡೆದುಹೋಗುತ್ತಿತ್ತು. ಫೋಲಿಕ್ ಆಸಿಡ್ ಜಾಸ್ತಿ ನುಂಗಿದರೆ ವಾಕರಿಕೆ ನಿಲ್ಲುತ್ತದೆಯೇ ಅಂತ ಕೇಳಿದ್ದೆ. ಚಂಡೀಗಢದ ಪಿಜಿಐ ಆಸ್ಪತ್ರೆಯವರು ಇದನ್ನೇ ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದ್ದಾರಂತೆ. ವಾರಕ್ಕೆ 10 ಮಿಲಿಗ್ರಾಂ ಕೊಟ್ಟರೂ 30 ಕೊಟ್ಟರೂ ತೊಂದರೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಡೋಸ್ ಏರಿಸಬೇಕಾದಾಗ ಡಾಕ್ಟರು ಇಂಜೆಕ್ಷನ್ನಿಗೆ ಬದಲಾಯಿಸಿದರು. ಮಾತ್ರೆಯಲ್ಲಿ 15 ಮಿಲಿಗ್ರಾಂ ದಾಟಿದ ಮೇಲೆ ಕರುಳು ಅಷ್ಟಾಗಿ ಹೀರಿಕೊಳ್ಳುವುದಿಲ್ಲ, ಚರ್ಮದ ಕೆಳಗೆ ಚುಚ್ಚಿದರೆ ಡೋಸ್ ಏರಿದ ಹಾಗೆ ರಕ್ತಕ್ಕೂ ಏರುತ್ತದೆ ಅಂತ 2014ರ ಒಂದು ಅಧ್ಯಯನ ತೋರಿಸಿದೆ. ನನಗಂತೂ ವಾಕರಿಕೆಯೂ ಕಮ್ಮಿಯಾಯಿತು. ಔಷಧಿ ತುಂಬಿಯೇ ಬರುವ ಸಿರಿಂಜ್ ಅದು. ಹೊಟ್ಟೆಯ ಚರ್ಮ ಹಿಡಿದು ಚುಚ್ಚುವುದು ಒಂದು ವಾರದಲ್ಲಿ ರೂಢಿಯಾಗುತ್ತದೆ, ಸೂಜಿ ಹಿಡಿದೇ ಬದುಕುವ ನನಗೆ ಅದೇನು ದೊಡ್ಡದಲ್ಲ. ಆದರೆ ಸೂಜಿಯ ಮುಚ್ಚಳ ಎಳೆಯುವುದು ಕಷ್ಟ. ಬೆರಳು ಹಿಡಿದುಕೊಂಡ ದಿನ ಯಜಮಾನರೇ ತೆಗೆದುಕೊಡಬೇಕು. ಬಳಸಿದ ಸಿರಿಂಜ್ ಎಲ್ಲಿ ಹಾಕಬೇಕು ಅಂತ ಯಾರೂ ಹೇಳುವುದಿಲ್ಲ. ಗಟ್ಟಿ ಡಬ್ಬಿಯಲ್ಲಿ ಕೂಡಿಸಿಟ್ಟು ಆಸ್ಪತ್ರೆಗೆ ಹೋದಾಗ ನರ್ಸ್ ಕೈಗೆ ಕೊಡುತ್ತೇನೆ.

ಅಗ್ಗದ ಔಷಧಿ, ಹಾಗಾಗಿ ಕೆಲಸ ಕಮ್ಮಿ ಅಂದುಕೊಳ್ಳಬೇಡಿ. 2013ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ 353 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬಂತು. ಅವರೆಲ್ಲ ಮೆಥೋಟ್ರೆಕ್ಸೇಟ್ ಒಂದರಿಂದಲೇ ಗುಣ ಸಾಲದವರು. ಕೆಲವರಿಗೆ ಅದರ ಜೊತೆ ಸಲ್ಫಸಲಜೀನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನುವ ಹಳೇ ಮಾತ್ರೆಗಳನ್ನು ಸೇರಿಸಿದರು, ಉಳಿದವರಿಗೆ ದುಬಾರಿ ಎಟನರ್ಸೆಪ್ಟ್ ಇಂಜೆಕ್ಷನ್. ಮೊದಲ ಆರು ತಿಂಗಳಲ್ಲಿ ಗುಣ ಕಾಣದವರನ್ನು ಆ ಕಡೆಯಿಂದ ಈ ಕಡೆಗೆ ಬದಲಿಸಿದರು. 48 ವಾರದ ಕೊನೆಗೆ ಹಳೇ ಮಾತ್ರೆಗಳಿಂದ ಶುರು ಮಾಡಿದವರು ಹಿಂದೆ ಬಿದ್ದಿರಲಿಲ್ಲ. ನಮ್ಮಂಥ ಮನೆಗೆ ಇದಕ್ಕಿಂತ ದೊಡ್ಡ ಸುದ್ದಿ ಯಾವುದಿದೆ?

ನನ್ನ ಕೈ ಸರಿಹೋದದ್ದು ನೋಡಿ ನಾದಿನಿ ಒಂದು ಸ್ಟ್ರಿಪ್ ಕೇಳಿದಳು. ಅವಳದ್ದು ವಯಸ್ಸಿನ ಸವಕಳಿ, ಬೆರಳ ತುದಿಯಲ್ಲಿ ಗಂಟು. ಅದಕ್ಕೂ ಇದು ಆದೀತು ಅನ್ನುವ ಸುಳಿವು ಸಿಕ್ಕಿರುವುದು ನಿಜ. ಆಸ್ಟ್ರೇಲಿಯಾದಲ್ಲಿ ಕೈಬೆರಳ ಸವಕಳಿಯ ಜೊತೆ ಊತವೂ ಇದ್ದ 97 ಜನರಲ್ಲಿ ಅರ್ಧದಷ್ಟು ಜನಕ್ಕೆ ಇದನ್ನು, ಉಳಿದವರಿಗೆ ಔಷಧಿಯೇ ಇಲ್ಲದ ಹುಸಿ ಮಾತ್ರೆಯನ್ನು ಆರು ತಿಂಗಳು ಕೊಟ್ಟು ನೋಡಿ, ಇದನ್ನು ತಗೊಂಡವರ ನೋವು ಸ್ವಲ್ಪ ಜಾಸ್ತಿಯೇ ಇಳಿಯಿತು ಅಂತ 2023ರಲ್ಲಿ ಪ್ರಕಟಿಸಿದ್ದಾರೆ. ಹಾಗಂತ ನನ್ನ ಸ್ಟ್ರಿಪ್ ಕೊಡಲಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಲಿವರ್, ಕಿಡ್ನಿ, ರಕ್ತಕಣ ಪರೀಕ್ಷೆ ಮಾಡಿಸದೆ ಇದನ್ನು ಶುರು ಮಾಡಬಾರದು, ಶುರು ಮಾಡಿದ ಮೇಲೂ ಪರೀಕ್ಷೆ ತಪ್ಪಿಸಬಾರದು. ಮಗು ಬೇಕು ಅನ್ನುವವರು ಡಾಕ್ಟರನ್ನು ಕೇಳಿ ತಿಂಗಳುಗಳ ಮೊದಲೇ ನಿಲ್ಲಿಸಬೇಕು. ಕುಡಿಯುವ ಅಭ್ಯಾಸ ಇದ್ದವರು ಮುಚ್ಚಿಡದೆ ಹೇಳಬೇಕು. ಮೂತ್ರದ ಸೋಂಕಿಗೆ ಬೇರೆ ಡಾಕ್ಟರ ಹತ್ತಿರ ಹೋದರೆ ‘ಮೆಥೋಟ್ರೆಕ್ಸೇಟ್ ತಗೊಳ್ಳುತ್ತಿದ್ದೇನೆ’ ಅಂತ ಮೊದಲು ಹೇಳಿ. ಕೋಟ್ರೈಮಾಕ್ಸಜೋಲ್ ಅನ್ನುವ ಆಂಟಿಬಯಾಟಿಕ್ ಇದರ ಜೊತೆ ಸೇರಿದರೆ ಅಪಾಯ.

ಕಂಪನಿಯವರು ಯಾರಾದರೂ ಓದುತ್ತಿದ್ದರೆ ನನ್ನ ಬೇಡಿಕೆ ಇಷ್ಟೇ. ಮಾತ್ರೆಯ ಬಣ್ಣ ಬದಲಾಯಿಸಿ, ಇಲ್ಲವೇ ಆಕಾರವನ್ನಾದರೂ ಬದಲಾಯಿಸಿ. ನಾಲ್ಕೇ ಮಾತ್ರೆಯ ಸ್ಟ್ರಿಪ್ ಮಾಡಿ, ತಿಂಗಳಿಗೊಂದು ಸಾಕು. ಫಾಯಿಲ್ ಮೆತ್ತಗಿರಲಿ. ಹಿಂದೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ‘ವಾರಕ್ಕೆ ಒಂದೇ ದಿನ’ ಅಂತ ಅಚ್ಚು ಹಾಕಿ, ಪಕ್ಕದಲ್ಲಿ ವಾರದ ಹೆಸರು ಬರೆದುಕೊಳ್ಳಲು ಒಂದಿಷ್ಟು ಖಾಲಿ ಜಾಗ ಬಿಡಿ. ಅಲ್ಲಿಯವರೆಗೆ ಸ್ಟ್ರಿಪ್ಪಿಗೆ ಒಂದೇ ಸ್ಟಾರ್.