ಬಿರಿದ ಹಿಮ್ಮಡಿಗೆ ಮುರುಗಲ ತುಪ್ಪ, ಜೊತೆಗೆ ಒಂದು ಬಾಟಲಿ ಮಿಸರಿ ಜೇನು

ನಾನು ಹೈಸ್ಕೂಲು ಮೇಷ್ಟ್ರು, ದಿನವಿಡೀ ನಿಂತೇ ಪಾಠ. ಚಳಿಗಾಲ ಬಂತೆಂದರೆ ಹಿಮ್ಮಡಿ ಬೇಸಿಗೆಯ ಗದ್ದೆ ಥರ ಬಿರಿಯುತ್ತದೆ. ಮೂರನೇ ಕ್ರೀಮಿನ ಟ್ಯೂಬು ಖಾಲಿಯಾದಾಗ ಆಯಿ, "ಸುಮ್ನೆ ದುಡ್ಡು ಹಾಳು ಮಾಡಡ, ಮುರುಗಲ ತುಪ್ಪ ತಗಂಡು ಬಾ" ಅಂದಳು. ಮುರುಗಲು ಅಂದರೆ ಕೋಕಂ, ಪುನರ್ಪುಳಿ. ಹೋಗಿದ್ದು ಶಿರಸಿ ಪೇಟೆಯ ಹಳೇ ಗ್ರಂಧಿಗೆ ಅಂಗಡಿಗೆ, ಅಂದರೆ ನಾಟಿ ಮದ್ದಿನ ಬೇರು, ತೊಗಟೆ ಮಾರುವಲ್ಲಿಗೆ.

ಮಾಲೀಕರು ಕೊಟ್ಟಿದ್ದು ನಿಂಬೆಹಣ್ಣಿನ ಗಾತ್ರದ ಮಾಸಲು ಬಿಳಿ ಉಂಡೆ, ಮೇಲೆ ಕಟ್ಟಿದವರ ಬೆರಳ ಗುರುತು. ಮುರುಗಲ ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ತೆಗೆದು ಕಟ್ಟುವ ಉಂಡೆ ಇದು. ಉಗುರು ಒತ್ತಿ ನೋಡಿ: ಅಸಲಿ ತುಪ್ಪ ಗಟ್ಟಿ, ಚೂರಾಗಿ ಮುರಿಯುತ್ತದೆ. ಮೆತ್ತಗೆ ಜಾರಿದರೆ ಡಾಲ್ಡಾದ ಅನುಮಾನ ಪಡಬಹುದು. ರಾತ್ರಿ ಕಾಲು ತೊಳೆದು ಒರೆಸಿ, ಚಮಚದಲ್ಲಿ ಚೂರು ಕರಗಿಸಿ, ಬೆಚ್ಚಗಿರುವಾಗಲೇ ಬಿರುಕಿಗೆ ಬಿಡಬೇಕು. ಅಲ್ಲೇ ಮೇಣದ ಹಾಗೆ ಹೆಪ್ಪುಗಟ್ಟುತ್ತದೆ. ಸಾಕ್ಸ್ ಮರೆಯಬೇಡಿ, ಮೊದಲ ರಾತ್ರಿ ಬಚ್ಚಲಿಗೆ ಹೋಗುವಾಗ ನಾನು ಜಾರಿ ಗೋಡೆ ಹಿಡಿದಿದ್ದೆ. ನಾಲ್ಕನೇ ದಿನಕ್ಕೆ ಉರಿ ನಿಂತಿತು, ಎರಡು ವಾರಕ್ಕೆ ಸೀಳು ಕೂಡಿತು. ಬಿಟ್ಟರೆ ಮತ್ತೆ ಬಿರಿಯುತ್ತದೆ, ಅದೂ ನಿಜ.

ಮಿಸರಿ ಜೇನಿನ ಕತೆ ಬೇರೆ. ಗೋಡೆಯ ತೂತಲ್ಲಿ, ಮರದ ಪೊಟರೆಯಲ್ಲಿ ಗೂಡು ಕಟ್ಟುವ, ಚುಚ್ಚದ ಪುಟ್ಟ ನೊಣದ ಜೇನು; ಒಂದು ಗೂಡಲ್ಲಿ ಸಿಗುವುದೇ ಸ್ವಲ್ಪ, ಹಾಗಾಗಿ ದುಬಾರಿ. ತೆಳ್ಳಗೆ, ಹುಳಿಹುಳಿ. ಗಂಟಲು ಕೆರೆತಕ್ಕೆ ಹಿತ. ಆದರೆ ಬಾಟಲಿಯ ಕತ್ತಿನ ತನಕ ತುಂಬಿಸಿ ಕೊಟ್ಟಿದ್ದರು. ಈ ಜೇನಲ್ಲಿ ನೀರಂಶ ಜಾಸ್ತಿ, ಬೇಗ ಹುದುಗುತ್ತದೆ. ಬಸ್ಸಲ್ಲಿ ಬಿರಡೆ ಹಾರಿ ಹತ್ತನೇ ಕ್ಲಾಸಿನ ಉತ್ತರಪತ್ರಿಕೆಗಳೆಲ್ಲ ಅಂಟಂಟು! "ಕಣ್ಣಿಗೆ ಬಿಡಿ, ಪೊರೆ ಕರಗ್ತದೆ" ಅಂತಲೂ ಹೇಳಿದರು. ನಾನು ಬಿಡಲಿಲ್ಲ, ಪೊರೆಗೆ ಆಪರೇಷನ್ನೇ ಮದ್ದು. ವರ್ಷ ತುಂಬದ ಮಗುವಿಗೆ ಯಾವ ಜೇನನ್ನೂ ನೆಕ್ಕಿಸಬಾರದು, ಆ ಮಾತನ್ನು ಅವರು ಹೇಳಬೇಕಿತ್ತು.

ನಾನಿದ್ದಾಗಲೇ ಒಬ್ಬರು ಬಂದು, ಮಂಡಿನೋವಿಗೆ ಉಡದ ಎಣ್ಣೆ ಇದೆಯಾ ಅಂತ ತಗ್ಗಿದ ದನಿಯಲ್ಲಿ ಕೇಳಿದರು. 1972ರ ವನ್ಯಜೀವಿ ಕಾಯ್ದೆಯಲ್ಲಿ ಉಡ ಹಿಡಿಯುವುದೇ ಅಪರಾಧ. ಮಾಲೀಕರು ತಕ್ಕಡಿಯಿಂದ ಕಣ್ಣೆತ್ತದೆ, "ನಮ್ಮಲ್ಲಿ ಬೇರು, ತೊಗಟೆ, ಜೇನು ಅಷ್ಟೇ ಮಾರಾಯ್ರೆ. ಜೈಲಿಗೆ ಹೋಗೂಕೆ ನಂಗೆ ವಯಸ್ಸಾಗ್ಹೋತು" ಅಂದರು.

ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ನಾಲ್ಕಕ್ಕೆ. ತುಪ್ಪಕ್ಕೆ ಧೈರ್ಯವಾಗಿ ಹೋಗಿ, ಜೇನಿಗೆ ದೊಡ್ಡ ಬಾಟಲಿ ನೀವೇ ಒಯ್ಯಿರಿ, ಅರ್ಧ ಮಾತ್ರ ತುಂಬಿಸಿಕೊಳ್ಳಿ.