8 ಜಿಬಿ ಕೊಟ್ಟೆವು, 4 ಜಿಬಿ ಬಂತು

ಮನೆ ಕಂಪ್ಯೂಟರನ್ನು ಅಂಗಡಿಗೆ ಕಳಿಸುವ ಮೊದಲು ಇದನ್ನೊಮ್ಮೆ ಓದಿಬಿಡಿ.

ನಾವಿರುವುದು ಮುಂಬೈನ ಮುಲುಂಡ್‌ನಲ್ಲಿ. ಪಕ್ಕದ ಬಿಲ್ಡಿಂಗ್ ರಿಡೆವಲಪ್‌ಮೆಂಟ್‌ಗೆ ಹೋಗಿದೆ, ಕಿಟಕಿ ಹಾಕಿದ್ರೂ ಧೂಳು ತಪ್ಪಿದ್ದಲ್ಲ. ಕಂಪ್ಯೂಟರ್ ಫ್ಯಾನ್ ಗುರ್ ಎನ್ನುತ್ತಿತ್ತು, ಆಮೇಲೆ ಹೇಳದೆ ಕೇಳದೆ ಆಫ್ ಆಗತೊಡಗಿತು. ಮನೆಗೆ ಬಂದ ರಿಪೇರಿಯವನು ಡಬ್ಬ ಬಿಚ್ಚಲೂ ಇಲ್ಲ. 'ಮದರ್‌ಬೋರ್ಡ್ ಗಯಾ', ಒಳಗಿನ ಮುಖ್ಯ ಬೋರ್ಡೇ ಹೋಯಿತು ಎಂದು ಎತ್ತಿಕೊಂಡು ಹೋದ. ಚೀಟಿಯಲ್ಲಿ ಬರೆದದ್ದು 'ಸಿಪಿಯು 1' ಅಂತ ಅಷ್ಟೇ.

ವಾಪಸ್ ಬಂದಾಗ 'ಫುಲ್ ಸರ್ವೀಸ್' ಅಂತ 3,800 ರೂಪಾಯಿ ಬಿಲ್. ಆಫ್ ಆಗುವುದು ನಿಂತಿತ್ತು, ನಿಜ. ಆದರೆ ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಏದುಸಿರು. ಮಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದ. ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ನೋಡಿದರೆ 4 ಜಿಬಿ! ಕೆಳಗೆ 'ಸ್ಲಾಟ್ಸ್ ಯೂಸ್ಡ್: 1 ಆಫ್ 2'. ಅಂದರೆ ಮೆಮೊರಿ ಕೂರಿಸುವ ಎರಡು ಜಾಗದಲ್ಲಿ ಒಂದು ಖಾಲಿ. ಮೊದಲು ಎರಡೂ ತುಂಬಿ 8 ಇತ್ತು.

ಪುಣ್ಯಕ್ಕೆ, ಯಾವುದೋ ಗೇಮ್ ಓಡುತ್ತಾ ಅಂತ ಗೆಳೆಯನನ್ನು ಕೇಳಲು ಮಗ ಇದೇ ಪುಟದ ಫೋಟೋ ಕಳಿಸಿದ್ದ. ಅದನ್ನು ತೋರಿಸಿದೆವು. ಅಂಗಡಿಯವನಿಗೆ ನಾಚಿಕೆಯೂ ಇಲ್ಲ. 'ಗಲ್ತಿ ಸೆ', ತಪ್ಪಾಗಿ ಆಯ್ತು ಎಂದು ಡ್ರಾಯರ್ ಎಳೆದು ಒಂದು ಮೆಮೊರಿ ಪಟ್ಟಿ, ಅಂದರೆ ರ್‍ಯಾಮ್ ಕೊಟ್ಟ. ಆ ಡ್ರಾಯರ್ ತುಂಬ ಅಂಥವೇ. ಎಷ್ಟು ಮನೆಯವೋ!

ರ್‍ಯಾಮ್ ಬಂತು, ಫೈಲ್ ಬರಲಿಲ್ಲ. ಕೇಳದೆಯೇ ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ ಪೂರ್ತಿ ಅಳಿಸಿದ್ದ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಇರುವುದು ಸಾಮಾನ್ಯವಾಗಿ ಸಿಯಲ್ಲೇ ಅಲ್ವಾ? ನಮ್ಮೆಜಮಾನ್ರು ಸೊಸೈಟಿ ಲೆಕ್ಕ ಬರೆಯುತ್ತಿದ್ದ ಎಕ್ಸೆಲ್ ಅಲ್ಲೇ ಇತ್ತು. ಹಳೆ ಹಾರ್ಡ್ ಡಿಸ್ಕ್ ಆಗಿದ್ದರೆ ಸ್ವಲ್ಪವಾದರೂ ಸಿಗುತ್ತಿತ್ತೇನೋ. ನಮ್ಮದು ಚಿಪ್‌ನ ಹೊಸ ಬಗೆಯ ಡಿಸ್ಕ್, ಎಸ್‌ಎಸ್‌ಡಿ. ಎಸ್‌ಎಸ್‌ಡಿಯಲ್ಲಿ ಅಳಿಸಿದ ಜಾಗವನ್ನು ಅದೇ ಖಾಲಿ ಮಾಡಿಕೊಳ್ಳುತ್ತದೆ, ಹೋಯಿತು ಅಂತಲೇ ಲೆಕ್ಕ. ಈಗ ಒಂದೊಂದೇ ರಸೀದಿ ನೋಡಿ ಮತ್ತೆ ಬರೆಯುತ್ತಿದ್ದಾರೆ.

ಇಷ್ಟಕ್ಕೂ ಮದರ್‌ಬೋರ್ಡ್ ಹಳೆಯದೇ ಇದೆ. ಅವನು ಮಾಡಿದ್ದು ಫ್ಯಾನಿನ ಧೂಳು ತೆಗೆದದ್ದು. ಧೂಳು ಕಟ್ಟಿದರೆ ಪ್ರೊಸೆಸರ್ ಬಿಸಿಯಾಗುತ್ತದೆ, ಮೊದಲು ತಾನೇ ನಿಧಾನವಾಗುತ್ತದೆ, ಮಿತಿ ಮೀರಿದರೆ ಆಫ್. ಇದನ್ನು ಮನೆಯಲ್ಲೇ ಮಾಡಬಹುದು. ಪ್ಲಗ್ ಕಿತ್ತು, ಪಕ್ಕದ ತಗಡು ತೆಗೆದು, ಮೆತ್ತನೆ ಬ್ರಷ್‌ನಿಂದ ಒರೆಸಿ. ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ. ವ್ಯಾಕ್ಯೂಮ್ ಕ್ಲೀನರ್ ಮಾತ್ರ ಬೇಡ, ಅದರ ಸ್ಟ್ಯಾಟಿಕ್ ಕರೆಂಟ್‌ಗೆ ಬಿಡಿಭಾಗ ಸುಟ್ಟುಹೋಗಬಹುದು.

ಕೊಡಲೇಬೇಕು ಅಂದರೆ ಮೆಮೊರಿ, ಡಿಸ್ಕ್ ಪುಟಗಳ ಫೋಟೋ ತೆಗೆದಿಡಿ. ಬೇಕಾದ ಫೈಲ್‌ಗಳನ್ನು ಹೊರಗಿನ ಡ್ರೈವ್‌ಗೆ ಹಾಕಿಕೊಳ್ಳಿ. 'ಕೇಳದೆ ಫಾರ್ಮ್ಯಾಟ್ ಮಾಡಬಾರದು' ಅಂತ ಚೀಟಿಯಲ್ಲೇ ಬರೆಸಿ, ರ್‍ಯಾಮ್ ಎಷ್ಟು ಅನ್ನುವುದನ್ನೂ.

ಮೊನ್ನೆ ಅದೇ ಅಂಗಡಿಯಿಂದ ಫೋನು. ವಿಂಡೋಸ್ 10 ಬಂದ್ ಆಗಿದೆ, 2,000 ಕೊಟ್ಟರೆ 11 ಹಾಕಿಕೊಡುತ್ತಾರಂತೆ! 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅದು ಸುಳ್ಳಲ್ಲ. ಆದರೆ ಅಸಲಿ ವಿಂಡೋಸ್ 10 ಇದ್ದು ಕಂಪ್ಯೂಟರ್‌ಗೆ ಅರ್ಹತೆ ಇದ್ದರೆ 11 ಮೈಕ್ರೋಸಾಫ್ಟ್‌ನಿಂದಲೇ ಪುಕ್ಕಟೆ ಸಿಗುತ್ತದೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್‌ನಲ್ಲಿ ನೋಡಿಕೊಳ್ಳಿ.